ನಿಮ್ಮ ತಂದೆ ನಕ್ಕ ನಿಮಿಷ ಯಾವುದು?

ಪ್ರಿಯರೇ,

ಮರಾಠಿಯ ಹಾಸ್ಯ ಸಾಹಿತಿ ಪು. ಲ. ದೇಶಪಾಂಡೆಯವರ ಹಳೆಯ ದೂರದರ್ಶನ ಸಂದರ್ಶನವನ್ನು ಮೊಬೈಲಿನಲ್ಲಿ ಮತ್ತೆ ನೋಡಿ ನೀವು ಬರೆದ ಹನ್ನೊಂದು ಪುಟಗಳ ಲೇಖನ ಕೈಸೇರಿದೆ. ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಹಾಗೆಂದು ಕೈಬಿಡುವ ಮನಸ್ಸೂ ಇಲ್ಲ. ಒಂಬತ್ತನೇ ಪುಟದಲ್ಲಿರುವ ನಾಲ್ಕು ಸಾಲುಗಳಿಗಾಗಿಯೇ ಈ ಉದ್ದನೆಯ ಪತ್ರ.

ಆ ಸಾಲುಗಳಲ್ಲಿ ನಿಮ್ಮ ತಂದೆ ಇದ್ದಾರೆ. ಮುಂಬೈಯ ಫೋರ್ಟಿನ ಹೋಟೆಲಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮರಾಠಿ ಅರ್ಧಂಬರ್ಧ. ಆದರೂ ಪಕ್ಕದ ಮನೆಯ ಟಿವಿಯಲ್ಲಿ ಪು.ಲ. ಕಾಣಿಸಿಕೊಂಡರೆ ಬಾಗಿಲಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಭಾಷೆ ಪೂರ್ತಿ ಬಾರದವರಿಗೆ ಅಷ್ಟೊಂದು ನಗು ಹೇಗೆ ಬಂತು? ನಿಮ್ಮ ಲೇಖನ ಹುಟ್ಟಬೇಕಾದದ್ದು ಈ ಪ್ರಶ್ನೆಯಿಂದ. ನೀವು ಅದನ್ನು ಕೇಳಿಕೊಳ್ಳದೆ ಮುಂದಿನ ಪ್ಯಾರಾಕ್ಕೆ ಹೊರಟುಬಿಟ್ಟಿದ್ದೀರಿ.

ಮೊದಲ ಮೂರು ಪುಟಗಳನ್ನು ಪೂರ್ತಿ ತೆಗೆಯಿರಿ. 'ನಗೆಲೋಕದ ಧ್ರುವತಾರೆ', 'ಅನಭಿಷಿಕ್ತ ಸಾಮ್ರಾಟ', 'ತುಂಬಲಾರದ ನಷ್ಟ' – ಹೆಸರೊಂದನ್ನು ಬದಲಿಸಿದರೆ ಈ ಮಾತುಗಳು ಯಾರ ಶ್ರದ್ಧಾಂಜಲಿಗೂ ಹೊಂದಿಕೊಳ್ಳುತ್ತವೆ. ಪು.ಲ. ಅವರ ವ್ಯಕ್ತಿಚಿತ್ರಗಳಲ್ಲಿ ಸಖಾರಾಮ ಗಟಣೆ ಎಂಬ ಹುಡುಗನಿದ್ದಾನೆ. ಪುಸ್ತಕದಲ್ಲಿ ಓದಿದ ಭಾಷೆಯನ್ನೇ ಬಾಯಲ್ಲೂ ಆಡುತ್ತಾನೆ. ಅಂಥ ಭಾಷೆಯ ತಮಾಷೆಯನ್ನು ಅಷ್ಟು ಪ್ರೀತಿಯಿಂದ ಕಂಡವರನ್ನು ನೆನೆಯಲು ಅದೇ ಭಾಷೆ ಹಿಡಿದರೆ ಅವರು ನಮ್ಮಿಂದ ದೂರವಾಗುತ್ತಾರೆ. ಊಟದ ಮನೆಯಲ್ಲಿ ಕೂತು ಅಣ್ಣನಿಗೆ ಹೇಳುವಾಗ ನೀವು 'ಧ್ರುವತಾರೆ' ಎನ್ನುತ್ತೀರಾ? ಬಾಯಲ್ಲಿ ಬರದ ಪದ ಕಾಗದದ ಮೇಲೂ ಬೇಡ.

ಇನ್ನು ತಪ್ಪುಗಳು. ಪು.ಲ. ಪುಣೆಯಲ್ಲಿ ಹುಟ್ಟಿದವರಲ್ಲ. ಹುಟ್ಟಿದ್ದು ಮುಂಬೈಯ ಗಾಮದೇವಿಯಲ್ಲಿ, 1919ರ ನವೆಂಬರ್ 8ರಂದು. ಬೆಳೆದದ್ದು ಜೋಗೇಶ್ವರಿ, ವಿಲೆಪಾರ್ಲೆಗಳಲ್ಲಿ. ತೀರಿಕೊಂಡದ್ದು ಪುಣೆಯಲ್ಲಿ, 2000ದ ಜೂನ್ 12ರಂದು. 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ವ್ಯಕ್ತಿಚಿತ್ರಗಳ ಸಂಕಲನ 'ವ್ಯಕ್ತಿ ಆಣಿ ವಲ್ಲಿ'ಗೆ. ನೀವು ಅವರ ಇನ್ನೊಂದು ಪುಸ್ತಕ 'ಬಟಾಟ್ಯಾಚಿ ಚಾಳ'ಕ್ಕೆ ಎಂದಿದ್ದೀರಿ. ಸಂದರ್ಶನ 1969ರಲ್ಲಿ ಮುಂಬೈ ದೂರದರ್ಶನದಲ್ಲಿ ಪ್ರಸಾರವಾಯಿತು ಎಂಬುದಂತೂ ಸಾಧ್ಯವೇ ಇಲ್ಲ, ಮುಂಬೈ ಕೇಂದ್ರ ಶುರುವಾದದ್ದೇ 1972ರ ಅಕ್ಟೋಬರ್ 2ರಂದು. ಒಂದು ಕಡೆ 'ಕಪ್ಪು ಬಿಳುಪಿನ ಚಿತ್ರ' ಎಂದವರು ಎರಡು ಪುಟದ ನಂತರ 'ತಿಳಿನೀಲಿ ಜುಬ್ಬಾ' ಎಂದಿದ್ದೀರಿ. ಆ ನೀಲಿ ಕಂಡದ್ದಲ್ಲ, ಊಹಿಸಿದ್ದು. ಓದುಗ ಅದನ್ನು ಹಿಡಿದನೆಂದರೆ ಉಳಿದ ಹತ್ತು ಪುಟಗಳನ್ನೂ ಅನುಮಾನದಿಂದಲೇ ಓದುತ್ತಾನೆ.

ಹಳೆಯ ತುಣುಕಿನ ಕಾಲ ಗೊತ್ತುಮಾಡುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಪರದೆಯ ಕೆಳಗೆ ಕಾಣುವ ತಾರೀಖು ಯಾರೋ ಅದನ್ನು ಜಾಲಕ್ಕೆ ಏರಿಸಿದ ದಿನದ್ದು, ಪ್ರಸಾರದ್ದಲ್ಲ. ಚಿತ್ರ ಕಪ್ಪು ಬಿಳುಪಾಗಿದ್ದರೆ ಬಹುಶಃ 1982ಕ್ಕೆ ಮುಂಚಿನದು, ನಮ್ಮಲ್ಲಿ ಬಣ್ಣದ ಪ್ರಸಾರ ಬಂದದ್ದು ಆ ವರ್ಷ. ಆದರೆ ಇದು ಸುಳಿವು ಮಾತ್ರ. ಮಾತಿನ ಒಳಗೆ ಹುಡುಕಿ. ತಮ್ಮ 'ತೀ ಫುಲರಾಣಿ' ನಾಟಕ ರಂಗಕ್ಕೆ ಬಂದಾಗಿದೆ ಎಂಬಂತೆ ಮಾತಾಡುತ್ತಿದ್ದರೆ 1975ರದ್ದು ಇಲ್ಲವೇ ಆಮೇಲಿನದು. ಇಷ್ಟಾದರೂ ಗೊತ್ತಾಗದಿದ್ದರೆ ವರ್ಷ ಬರೆಯಲೇಬೇಡಿ.

ಈಗ ಮುಖ್ಯ ವಿಷಯ. ಹನ್ನೊಂದು ಪುಟಗಳಲ್ಲಿ ಸಂದರ್ಶನಕ್ಕೆ ಸಿಕ್ಕಿದ್ದು ಒಂದೇ ಪ್ಯಾರಾ. ಅದರಲ್ಲೂ 'ಬಹಳ ಸೊಗಸಾಗಿ ಮಾತಾಡಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು' ಎಂದಷ್ಟೇ. ಏನು ಕೇಳಿದರು, ಏನು ಹೇಳಿದರು, ಮೊದಲು ನಕ್ಕವರು ಯಾರು? ಒಂದೂ ಇಲ್ಲ. ನೆನಪಿನಿಂದ ಬರೆದದ್ದಕ್ಕೆ ಹೀಗಾಗಿದೆ. ತುಣುಕನ್ನು ಮತ್ತೆ ಮೂರು ಸಲ ನೋಡಿ, ಬೇರೆ ಬೇರೆ ದಿನ.

ಮೊದಲ ಸಲ ಸದ್ದು ಪೂರ್ತಿ ಇಳಿಸಿ. ಕಣ್ಣು, ಹುಬ್ಬು, ಕೈ, ಕೂತ ಭಂಗಿ ಇಷ್ಟನ್ನೇ ಗಮನಿಸಿ. ಪೇಟಿ (ಹಾರ್ಮೋನಿಯಂ) ನುಡಿಸಿ ಪಳಗಿದ ಕೈ ಅದು, ಮಾತಾಡುವಾಗ ಏನು ಮಾಡುತ್ತದೆ ನೋಡಿ. ಕ್ಯಾಮೆರಾದ ಎದುರು ಅವರು ಹೊಸಬರೂ ಅಲ್ಲ. ಆಕಾಶವಾಣಿಯಲ್ಲಿದ್ದು, ಬಿಬಿಸಿಯಲ್ಲಿ ತರಬೇತಿ ಪಡೆದು, ದೂರದರ್ಶನದ ಮೊದಲ ದಿನಗಳಲ್ಲಿ ಕೆಲಸ ಮಾಡಿದವರು. ದೂರದರ್ಶನಕ್ಕಾಗಿ ನೆಹರೂ ಅವರನ್ನು ಮೊದಲು ಸಂದರ್ಶಿಸಿದವರು. ಪ್ರಶ್ನೆ ಕೇಳುವ ಕುರ್ಚಿಯೂ ಗೊತ್ತಿದ್ದವರು ಉತ್ತರಿಸುವ ಕುರ್ಚಿಯಲ್ಲಿ ಹೇಗೆ ಕೂರುತ್ತಾರೆ ಎಂಬುದನ್ನು ನೀವು ನೋಡಿ ಬರೆದರೆ ಅದೊಂದೇ ಪ್ಯಾರಾ ಲೇಖನವನ್ನು ಎತ್ತಿಹಿಡಿದೀತು.

ಎರಡನೇ ಸಲ ಕಣ್ಣು ಮುಚ್ಚಿ ಕೇಳಿ. ದನಿ ಎಲ್ಲಿ ಇಳಿಯಿತು, ಎಲ್ಲಿ ಬೇರೊಬ್ಬರ ದನಿಯಾಯಿತು? 'ಬಟಾಟ್ಯಾಚಿ ಚಾಳ'ವನ್ನು ರಂಗದ ಮೇಲೆ ತಂದಾಗ ಇಡೀ ಚಾಳಿನ ಜನರನ್ನೆಲ್ಲ ಒಬ್ಬರೇ ಆಡಿ ತೋರಿಸಿದವರು. ನಿಮ್ಮ ತಂದೆಯ ನಗುವಿನ ಗುಟ್ಟು ಇಲ್ಲೇ ಎಲ್ಲೋ ಇರಬೇಕೆಂದು ನಮಗೆ ತೋರುತ್ತದೆ. ಪದ ತಿಳಿಯದಿದ್ದರೂ ದನಿಯಿಂದ ಮನುಷ್ಯನ ಗುರುತು ಸಿಗುತ್ತದೆ.

ಮೂರನೇ ಸಲ ಪೆನ್ನು ಹಿಡಿದು ಕೂರಿ. ಪೂರ್ತಿ ಇಳಿಸಿಕೊಳ್ಳಬೇಡಿ, ದಣಿಯುತ್ತೀರಿ. ಒಂದು ನಿಮಿಷದ ಮಾತೇ ಸುಮಾರು 120–130 ಪದವಾಗುತ್ತದೆ. ಅತ್ಯುತ್ತಮವಾದ ಮೂರು ನಿಮಿಷ ಆರಿಸಿ ಅಕ್ಷರ ಬಿಡದೆ ಮರಾಠಿಯಲ್ಲೇ ಬರೆದುಕೊಳ್ಳಿ. ಪ್ರತಿ ಸಾಲಿನ ಮುಂದೆ ನಿಮಿಷ, ಸೆಕೆಂಡು ಇರಲಿ. ಪ್ರಶ್ನೆಯನ್ನೂ ಬರೆಯಿರಿ. ಪ್ರಶ್ನೆ ಬಿಟ್ಟ ಉತ್ತರ ಸುಭಾಷಿತದ ಹಾಗೆ ಕೇಳುತ್ತದೆ, ನಗೆ ಸತ್ತುಹೋಗುತ್ತದೆ. ಮೌನವಿದ್ದರೆ ಎಷ್ಟು ಸೆಕೆಂಡು ಎಂದು ಗುರುತು ಹಾಕಿ. ಚಿತ್ರ ಜಿಗಿದಂತೆ ಕಂಡರೆ ಅಲ್ಲಿ ಮಾತು ಕತ್ತರಿಸಿರಬಹುದು. ಹಿಂದಿನ ಮಾತಿಗೂ ಮುಂದಿನದಕ್ಕೂ ಗಂಟು ಹಾಕಬೇಡಿ. ಇಷ್ಟು ಶ್ರಮದಿಂದ ಲೇಖನಕ್ಕೆ ಸೇರುವುದು ಐದಾರು ವಾಕ್ಯ ಮಾತ್ರ. ಅಷ್ಟು ಸಾಕು.

ಆ ಐದಾರು ವಾಕ್ಯಗಳನ್ನು ಕನ್ನಡಕ್ಕೆ ತರುವಾಗ ನಮಗೊಂದು ಅನುಕೂಲವಿದೆ. ಮರಾಠಿಯ ಹಾಗೆ ಕನ್ನಡದಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ನಗೆಯ ಪದ ವಾಕ್ಯದ ತುದಿಯಲ್ಲಿದ್ದರೆ ಅದನ್ನು ಅಲ್ಲೇ ಉಳಿಸಬಹುದು. ನೀವು ಆರನೇ ಪುಟದಲ್ಲಿ ಆ ಪದವನ್ನು ನಡುವೆ ತಂದು, ಆಮೇಲೆ 'ಎಂದು ಅವರು ನಗುತ್ತಾ ಹೇಳಿದರು' ಅಂತ ಬಾಲ ಅಂಟಿಸಿದ್ದೀರಿ. ಬಾಲ ಕತ್ತರಿಸಿ.

ಪದಗಳ ಬಗ್ಗೆಯೂ ಎಚ್ಚರ ಬೇಕು. 'ವಲ್ಲಿ' ಎಂದರೆ ಮರಾಠಿಯಲ್ಲಿ ವಿಲಕ್ಷಣ ಸ್ವಭಾವದ ಅಸಾಮಿ; ಹುಬ್ಬಳ್ಳಿಯ ಓದುಗನಿಗೆ ಅದು ಹೆಗಲ ಮೇಲಿನ ಬಟ್ಟೆ. ಒಮ್ಮೆ ಬಿಡಿಸಿ ಹೇಳಿ ಮುಂದುವರಿಯಿರಿ. 'ಚಾಳ್' ಅನ್ನು 'ವಠಾರ' ಮಾಡಿದ್ದೀರಿ, ಅದು ಬೇಡ. ವಠಾರ ಎಂದೊಡನೆ ಬೆಂಗಳೂರಿನವರ ಕಣ್ಣಿಗೆ ಬರುವುದು ಒಂದೇ ಅಂಗಳದ ಸುತ್ತ ನೆಲಕ್ಕಂಟಿದ ಸಾಲುಮನೆ. ಮುಂಬೈಯ ಗಿರಗಾಂವಿನ ಚಾಳ್ ಮೂರು ನಾಲ್ಕು ಮಾಳಿಗೆಯದು; ಪ್ರತಿ ಮಾಳಿಗೆಗೂ ಉದ್ದನೆಯ ಒಂದು ಗ್ಯಾಲರಿ, ಅದಕ್ಕೆ ಬಾಗಿಲು ತೆರೆಯುವ ಒಂದೆರಡು ಖೋಲಿಯ ಬಿಡಾರಗಳು, ಎಲ್ಲರಿಗೂ ಸೇರಿದ ಪಾಯಿಖಾನೆ. ಆ ಗ್ಯಾಲರಿಯಲ್ಲೇ ಒಬ್ಬರ ಜಗಳ ಇನ್ನೊಬ್ಬರ ಕಿವಿಗೆ ಬೀಳುವುದು, ಅಲ್ಲೇ ಕಮಿಟಿ ಹುಟ್ಟುವುದು. ಗ್ಯಾಲರಿ ಹೋದರೆ ಹಾಸ್ಯಕ್ಕೆ ನಿಲ್ಲಲು ಜಾಗವಿಲ್ಲ. 'ಚಾಳ್' ಎಂದೇ ಬರೆಯಿರಿ, ನಮ್ಮ ಓದುಗರಲ್ಲಿ ಹಲವರು ಅಲ್ಲೇ ಬೆಳೆದವರು.

ಪು.ಲ. ಚಿತ್ರಿಸಿದ ಬೆಳಗಾವಿಯ ರಾವಸಾಹೇಬರ ಮಾತನ್ನು ಶುದ್ಧ ಕನ್ನಡಕ್ಕೆ ತಂದದ್ದು ನಿಮ್ಮ ದೊಡ್ಡ ನಷ್ಟ. ಪು.ಲ. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಮಾಡಿದವರು. ಕನ್ನಡದ ರಾಗ ಹತ್ತಿದ ಮರಾಠಿಯನ್ನು ಹತ್ತಿರದಿಂದ ಕೇಳಿ ಬರೆದರು. ಮರಾಠಿಯಲ್ಲಿ ಭಾತ (ಅನ್ನ) ಗಂಡು, ಭಾಜಿ (ಪಲ್ಯ) ಹೆಣ್ಣು, ಪಾಣಿ (ನೀರು) ನಪುಂಸಕ. ಕನ್ನಡದವರಿಗೆ ಮೂರೂ ನಪುಂಸಕ, ಹಾಗಾಗಿ ಮರಾಠಿ ಆಡುವಾಗ ಲಿಂಗ ಹಿಂದುಮುಂದಾಗುತ್ತದೆ. ಇಂಥ ಮಾತನ್ನು ಕನ್ನಡಿಸಿದೊಡನೆ ಎಡವಟ್ಟು ಮಾಯವಾಗಿ ನೆಟ್ಟಗಿನ ವಾಕ್ಯ ಉಳಿಯುತ್ತದೆ. ಒಂದು ಸಾಲನ್ನು ಮರಾಠಿಯಲ್ಲೇ, ಕನ್ನಡ ಲಿಪಿಯಲ್ಲಿ ಕೊಡಿ. ಎಲ್ಲಿ ಎಡವಿತೆಂದು ಅರ್ಧ ಸಾಲಿನಲ್ಲಿ ಹೇಳಿ. ಹೋಟೆಲಿನಲ್ಲಿ ದಿನವಿಡೀ ಭಾತ, ಭಾಜಿ, ಪಾಣಿ ಎನ್ನುತ್ತಿದ್ದ ನಿಮ್ಮ ತಂದೆಯೂ ಅಂಥದೇ ಮರಾಠಿ ಆಡಿರಬಹುದಲ್ಲವೇ?

ಗಾಯಕ ಕುಮಾರ ಗಂಧರ್ವರ ಸ್ನೇಹದ ಪುಟ ಚೆನ್ನಾಗಿದೆ, ಆದರೆ ಇಲ್ಲಿಗೆ ಸೇರದು. ಬೇರೆ ಲೇಖನಕ್ಕೆ ಎತ್ತಿಡಿ. ಪ್ರಶಸ್ತಿಗಳ ಪಟ್ಟಿ ಬೇಡ. ಒಟ್ಟು 1,200 ಪದ ಮೀರದಿರಲಿ. ಬಾಗಿಲಲ್ಲಿ ನಿಂತ ನಿಮ್ಮ ತಂದೆಯಿಂದ ಆರಂಭಿಸಿ, ಸಾವಿನ ತಾರೀಖು ನಡುವೆ ಎಲ್ಲಾದರೂ ಒಮ್ಮೆ ಬಂದರಾಯಿತು.

ತಂದೆಯವರು ಈಗ ಡೊಂಬಿವಲಿಯಲ್ಲಿ ನಿಮ್ಮ ಜೊತೆಗೇ ಇದ್ದಾರೆಂದು ಬರೆದಿದ್ದೀರಿ. ಒಂದು ಸಂಜೆ ಅವರನ್ನು ಕೂರಿಸಿಕೊಂಡು ಅದೇ ತುಣುಕನ್ನು ತೋರಿಸಿ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ಎಲ್ಲಿ ನಗುತ್ತಾರೋ ಆ ನಿಮಿಷ, ಸೆಕೆಂಡನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಯಾಕೆ ನಕ್ಕಿರಿ ಎಂದು ಕೇಳಿ, ಅವರು ಹೇಳಿದ್ದನ್ನು ತಿದ್ದದೆ ಬರೆದು ನಮಗೆ ಕಳಿಸಿ.

– ಸಂಪಾದಕರು