ಮುಂದೆ ಚಾಚಿದ ದವಡೆ: ಆಪರೇಷನ್ ಬೇಕೇ?

ಪ್ರಶ್ನೆ: ಮಗಳಿಗೆ 19 ವರ್ಷ. ಕೆಳದವಡೆ ಮುಂದಕ್ಕೆ ಚಾಚಿದೆ. ವಡಾಪಾವನ್ನೂ ಮುಂದಿನ ಹಲ್ಲಿನಿಂದ ಕಚ್ಚಲಾರಳು, ಕೈಯಲ್ಲಿ ಮುರಿದು ಪಕ್ಕದ ಹಲ್ಲಿಗೆ ಕೊಡುತ್ತಾಳೆ. ದವಡೆಯ ಆಪರೇಷನ್ ಮಾಡಿಸಿ ಎನ್ನುತ್ತಾರೆ. ಮುಖವೇ ಬದಲಾಗಿಬಿಡುತ್ತದೆಯೇ?
– ಓದುಗರು, ಡೊಂಬಿವಲಿ

ಉತ್ತರ: ಮುರಿದು ತಿನ್ನುತ್ತಾಳೆ ಎಂದಿರಲ್ಲ, ಆಪರೇಷನ್ನಿಗೆ ಅದೇ ಮುಖ್ಯ ಕಾರಣ. ಮೇಲಿನ ಮುಂಹಲ್ಲು ಕೆಳಗಿನದರ ಹಿಂದೆ ಕೂತಾಗ ಕಚ್ಚುವ ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬಿದ್ದು ಅವು ಸವೆಯುತ್ತವೆ.

ಮೊದಲು ಸುಮಾರು 12ರಿಂದ 18 ತಿಂಗಳು ಹಲ್ಲಿಗೆ ಕ್ಲಿಪ್. ಈ ಅವಧಿಯಲ್ಲಿ ಗದ್ದ ಇನ್ನಷ್ಟು ಮುಂದೆ ಬಂದಂತೆ ಕಾಣುತ್ತದೆ, ಗಾಬರಿಯಾಗಬೇಡಿ. ದವಡೆಯ ದೋಷ ಮುಚ್ಚಲು ವಾಲಿಕೊಂಡಿದ್ದ ಹಲ್ಲುಗಳನ್ನು ನೆಟ್ಟಗೆ ಮಾಡುವುದರಿಂದ ಹಾಗಾಗುತ್ತದೆ. ಅಕ್ಕಲ್ ದಾಡೆ (ಬುದ್ಧಿಹಲ್ಲು) ಇದ್ದರೆ ಹಲವು ಸರ್ಜನ್ನರು ಆಪರೇಷನ್ನಿಗೆ ಆರು ತಿಂಗಳು ಮೊದಲೇ ಕೀಳಿಸುತ್ತಾರೆ.

ಆಪರೇಷನ್ನಿನಲ್ಲಿ ಕೊಯ್ಯುವುದು ಬಾಯೊಳಗೆ, ಒಸಡಿನ ಪಕ್ಕದಲ್ಲಿ. ಕೆಳದವಡೆಯ ಮೂಳೆಯನ್ನು ಎರಡೂ ಬದಿಯಲ್ಲಿ ಸೀಳಿ, ಸರಿಸಿ, ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಕೂರಿಸುತ್ತಾರೆ. ಒಂದು ಮಾತು ತಪ್ಪದೆ ಕೇಳಿ: ಕೆಳದವಡೆಯನ್ನಷ್ಟೇ ಹಿಂದಕ್ಕೆ ತಳ್ಳುತ್ತೀರಾ, ಮೇಲಿನದನ್ನೂ ಮುಂದೆ ತರುತ್ತೀರಾ? ಕೆಳಗಿನದನ್ನು ತುಂಬ ಹಿಂದೆ ಸರಿಸಿದರೆ ನಾಲಿಗೆಯೂ ಹಿಂದೆ ಹೋಗಿ ಗಂಟಲಿನ ಉಸಿರುದಾರಿ ಕಿರಿದಾಗುತ್ತದೆ. ಗೊರಕೆ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಮೇಲ್ದವಡೆ ಮುಂದೆ ಬಂದರೆ ಮೂಗಿನ ಬುಡ ತುಸು ಅಗಲವಾಗಬಹುದು. ಒಳಗಿನಿಂದಲೇ ಹೊಲಿಗೆ ಹಾಕಿ ತಡೆಯಲು ನೋಡುತ್ತಾರೆ.

ಕೆಳತುಟಿ ಮತ್ತು ಗದ್ದದ ಸ್ಪರ್ಶಜ್ಞಾನದ ನರ ಕೆಳದವಡೆಯ ಮೂಳೆಯೊಳಗೇ ಸಾಗುತ್ತದೆ. ಆದ್ದರಿಂದ ಆರಂಭದಲ್ಲಿ ಜೋಮು ಸಾಮಾನ್ಯ. ಬಹುತೇಕರಿಗೆ ಕೆಲವು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಸಹಿ ಹಾಕುವ ಮುನ್ನ ಮಗಳಿಗೆ ಇದು ಚೆನ್ನಾಗಿ ಗೊತ್ತಿರಲಿ.

ಊತ ಎರಡು–ಮೂರನೇ ದಿನ ಅತಿ ಹೆಚ್ಚು. ಆಗ ಕನ್ನಡಿ ನೋಡಿ ಅಳುವವರಿದ್ದಾರೆ. ಎರಡು–ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ, ಮುಖ ಪೂರ್ತಿ ನೆಲೆಗೊಳ್ಳಲು ಆರು ತಿಂಗಳಿಂದ ವರ್ಷ ಬೇಕು. ಕಣ್ಣು, ಹಣೆ ಇದ್ದಂತೆಯೇ ಇರುತ್ತವೆ. ಬದಲಾಗುವುದು ತುಟಿ, ಗದ್ದ, ಪಕ್ಕದ ನೋಟ.

ಮೊದಲು ರಾಗಿ ಅಂಬಲಿ, ಸೋಸಿದ ಬೇಳೆಕಟ್ಟು, ಮಜ್ಜಿಗೆ. ಆಮೇಲೆ ಡಾಕ್ಟರು ಹೇಳಿದಂತೆ ಮೆತ್ತಗೆ ಕಿವುಚಿದ ಅನ್ನ. ಆರು ವಾರ ಚಕ್ಕುಲಿ, ಚಪಾತಿ ಬೇಡ. ಆ ಆರು ವಾರ ಲೋಕಲ್ ರೈಲಿನ ನೂಕುನುಗ್ಗಲೂ ಬೇಡ. ಒಂದು ಮೊಣಕೈ ತಾಗಿದರೂ ಕೂಡಿಕೊಳ್ಳುತ್ತಿರುವ ಮೂಳೆ ಜರುಗಬಹುದು.

ಎರಡನೇ ಅಭಿಪ್ರಾಯಕ್ಕೆ ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜಿದೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿ ಸರ್ಕಾರಿ ದಂತ ಕಾಲೇಜಿದೆ. ಎಕ್ಸ್‌ರೇ, ಹಲ್ಲಿನ ಅಚ್ಚು ಒಯ್ಯಲು ಮರೆಯಬೇಡಿ.