ಸಾರ್ವಜನಿಕ ಆಡಳಿತದ ವಿದ್ಯಾರ್ಥಿಗಳು ಕೇಳಿದ್ದು: ಅವಕಾಶ ಎಲ್ಲಿದೆ, ಅರ್ಜಿಯಲ್ಲಿ ಏನಿರಬೇಕು?

ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವವರಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಹೆಸರುಗಳನ್ನು ಬಿಟ್ಟು ಉತ್ತರಿಸಲಾಗಿದೆ.

ಪ್ರಶ್ನೆ: ಸಮ್ಮೇಳನ, ಫೆಲೋಶಿಪ್, ಇಂಟರ್ನ್‌ಶಿಪ್‌ಗಳ ಸುದ್ದಿ ನನ್ನ ಕಿವಿಗೆ ಬೀಳುವ ಹೊತ್ತಿಗೆ ಅರ್ಜಿ ಸಲ್ಲಿಸುವ ಅವಧಿ ಮುಗಿದಿರುತ್ತದೆ. ಇಂಥ ಸುದ್ದಿಯನ್ನು ಸಕಾಲದಲ್ಲಿ ತಿಳಿಯುವುದು ಹೇಗೆ? — ಮೊದಲ ವರ್ಷದ ವಿದ್ಯಾರ್ಥಿನಿ

ಉತ್ತರ: ಕೈಯಿಂದ ಕೈಗೆ ದಾಟಿ ಬರುವ ಸಂದೇಶಗಳನ್ನು ನೆಚ್ಚಿಕೊಂಡರೆ ಹೀಗೇ ಆಗುತ್ತದೆ. ಸುದ್ದಿ ಹುಟ್ಟುವ ಜಾಗವನ್ನೇ ನೇರವಾಗಿ ನೋಡುವುದು ಮೇಲು. ಬ್ರಸೆಲ್ಸ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ, 1930ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಡಳಿತ ವಿಜ್ಞಾನಗಳ ಸಂಸ್ಥೆ, 1939ರಲ್ಲಿ ಆರಂಭವಾದ ಅಮೆರಿಕನ್ ಸಾರ್ವಜನಿಕ ಆಡಳಿತ ಸಂಘ, ಯುರೋಪಿನ ಸಾರ್ವಜನಿಕ ಆಡಳಿತ ಗುಂಪು, ಈ ವಿಷಯದ ಶಿಕ್ಷಣ ಕ್ರಮಗಳಿಗೆ ಮಾನ್ಯತೆ ನೀಡುವ ನಾಸ್ಪಾ ಎಂಬ ಸಂಸ್ಥೆ, ಇವು ನಿಮ್ಮ ಕ್ಷೇತ್ರದ ಮುಖ್ಯ ವೇದಿಕೆಗಳಲ್ಲಿ ಕೆಲವು. ಯುರೋಪಿನ ಗುಂಪು ಪಿಎಚ್.ಡಿ. ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಗೋಷ್ಠಿ ನಡೆಸುತ್ತದೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ತಂಡಗಳಾಗಿ ಕೂರಿಸಿ, ಒಂದು ಆಡಳಿತ ಬಿಕ್ಕಟ್ಟನ್ನು ನಿಭಾಯಿಸಲು ಬಿಡುವ ಸ್ಪರ್ಧೆಯನ್ನು ನಾಸ್ಪಾ ನಡೆಸುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಪ್ರಕಟಣೆಗಳಲ್ಲಿ ಹೆಚ್ಚಿನವು ವರ್ಷ ವರ್ಷವೂ ಸರಿಸುಮಾರು ಅದೇ ಕಾಲಕ್ಕೆ ಬರುತ್ತವೆ. ಹಾಗಾಗಿ ಅವಧಿ ಮೀರಿದ ಹಳೆಯ ಪ್ರಕಟಣೆಯನ್ನು ಎಸೆಯಬೇಡಿ. ಮುಂದಿನ ಬಾರಿ ಯಾವ ತಿಂಗಳಲ್ಲಿ ಕಣ್ಣಿಟ್ಟಿರಬೇಕು, ಯಾವ ದಾಖಲೆಗಳನ್ನು ಸಿದ್ಧವಿಟ್ಟುಕೊಳ್ಳಬೇಕು, ಎಷ್ಟು ಪದಗಳ ಪ್ರಬಂಧಸಾರ ಕೇಳುತ್ತಾರೆ ಎಂಬುದೆಲ್ಲ ಅದರಲ್ಲೇ ಇರುತ್ತದೆ.

ಇನ್ನು, ನೀವು ಏನನ್ನೂ ಕಳುಹಿಸದೆಯೇ ನಿಮ್ಮ ಸಂಶೋಧನೆಯನ್ನು ಹೊಗಳಿ, ವಾರದೊಳಗೆ ಲೇಖನ ಪ್ರಕಟಿಸುವ ಭರವಸೆ ಕೊಟ್ಟು, ಶುಲ್ಕ ಕೇಳುವ ನಿಯತಕಾಲಿಕೆಗಳಿಂದ ದೂರವಿರಿ. ಇಷ್ಟು ಬೇಗ ಮುಗಿಯುವ ವಿದ್ವತ್ ಪರಿಶೀಲನೆ ಎಲ್ಲಿಯೂ ಇಲ್ಲ.

ಪ್ರಶ್ನೆ: ವಿಶ್ವಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಿದವರಿಗೆ ಅಲ್ಲಿಯೇ ಕೆಲಸ ಸಿಗುತ್ತದೆ ಎಂದು ನಮ್ಮ ವಿಭಾಗದ ಹಿರಿಯ ವಿದ್ಯಾರ್ಥಿಯೊಬ್ಬರು ಹೇಳುತ್ತಾರೆ. ಇದು ನಿಜವೇ? — ದ್ವಿತೀಯ ವರ್ಷದ ವಿದ್ಯಾರ್ಥಿ

ಉತ್ತರ: ನಿಜವಲ್ಲ. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಇಂಟರ್ನ್‌ಶಿಪ್ ಒಂದು ದಾರಿ, ನೌಕರಿ ಇನ್ನೊಂದು ದಾರಿ. ಒಂದರಲ್ಲಿ ನಡೆದವರು ತಾವಾಗಿಯೇ ಇನ್ನೊಂದಕ್ಕೆ ಬಂದು ಸೇರುವುದಿಲ್ಲ. ಸ್ನಾತಕೋತ್ತರ ಅಥವಾ ಅದಕ್ಕಿಂತ ಮೇಲಿನ ವ್ಯಾಸಂಗದಲ್ಲಿರುವವರು, ಪದವಿಯ ಅಂತಿಮ ವರ್ಷದಲ್ಲಿರುವವರು, ವ್ಯಾಸಂಗ ಮುಗಿಸಿ ಒಂದು ವರ್ಷದೊಳಗಿರುವವರು ಇಂಟರ್ನ್‌ಶಿಪ್‌ಗೆ ಅರ್ಜಿ ಸಲ್ಲಿಸಬಹುದು. ಅವಧಿ ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು. ಸಚಿವಾಲಯ ವೇತನ ಕೊಡುವುದಿಲ್ಲ. ಪ್ರಯಾಣ, ವಾಸ್ತವ್ಯ, ವಿಮೆಯ ಖರ್ಚು ಅಭ್ಯರ್ಥಿಯದೇ. ಈ ಒಂದು ಕಾರಣದಿಂದಲೇ ಯೋಗ್ಯರಾದ ಎಷ್ಟೋ ವಿದ್ಯಾರ್ಥಿಗಳು ಹಿಂದೆ ಉಳಿಯುತ್ತಾರೆ ಎಂಬುದು ಈ ವ್ಯವಸ್ಥೆಯ ಬಗ್ಗೆ ಬಹುಕಾಲದಿಂದ ಇರುವ ಟೀಕೆ, ಮತ್ತು ಅದು ನ್ಯಾಯವಾದ ಟೀಕೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ತಮ್ಮ ಇಂಟರ್ನ್‌ಗಳಿಗೆ ಶಿಷ್ಯವೇತನ ಕೊಡುತ್ತವೆಯಾದ್ದರಿಂದ ಹಣದ ಅಡಚಣೆಯಿರುವವರು ಮೊದಲು ಅಲ್ಲಿ ನೋಡುವುದು ಒಳ್ಳೆಯದು.

ನೌಕರಿಯ ದಾರಿಯೆಂದರೆ ಯುವ ವೃತ್ತಿಪರರ ಪರೀಕ್ಷೆ. ಅದಕ್ಕೆ ವಯೋಮಿತಿ 32. ಪದವಿ ಬೇಕು, ಇಂಗ್ಲಿಷ್ ಇಲ್ಲವೇ ಫ್ರೆಂಚ್ ಭಾಷೆಯಲ್ಲಿ ಹಿಡಿತ ಬೇಕು. ಆದರೆ ಭಾಗವಹಿಸುವ ದೇಶಗಳ ಪಟ್ಟಿ ಮತ್ತು ಪರೀಕ್ಷೆಯ ವಿಷಯಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನಿಮ್ಮ ದೇಶ ಪಟ್ಟಿಯಲ್ಲಿಲ್ಲದ ವರ್ಷ ಎಷ್ಟು ಓದಿಕೊಂಡಿದ್ದರೂ ಪ್ರಯೋಜನವಿಲ್ಲ. ನೇಮಕಾತಿಯ ಯಾವ ಹಂತದಲ್ಲಿಯೂ ವಿಶ್ವಸಂಸ್ಥೆ ಶುಲ್ಕ ಕೇಳುವುದಿಲ್ಲವಾದ್ದರಿಂದ, ಯಾರಾದರೂ ಕೇಳಿದರೆ ಅದು ವಂಚನೆಯೆಂದೇ ತಿಳಿಯಿರಿ.

ನಿಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು ಅಲ್ಲಿಯ ಆರ್ಥಿಕ ಮತ್ತು ಸಾಮಾಜಿಕ ವ್ಯವಹಾರಗಳ ಇಲಾಖೆ. ಸಾರ್ವಜನಿಕ ಸಂಸ್ಥೆಗಳು ಹಾಗೂ ಡಿಜಿಟಲ್ ಸರ್ಕಾರಕ್ಕೆ ಸಂಬಂಧಿಸಿದ ವಿಭಾಗ ಅದರಲ್ಲಿದೆ. 24 ತಜ್ಞರ ಸಾರ್ವಜನಿಕ ಆಡಳಿತ ಸಮಿತಿಗೆ ನೆರವಾಗುವುದೂ ಆ ವಿಭಾಗವೇ. ಪರಿಣಾಮಕಾರಿ ಆಡಳಿತಕ್ಕಾಗಿ ಆ ಸಮಿತಿ 2018ರಲ್ಲಿ ರೂಪಿಸಿದ 11 ತತ್ವಗಳನ್ನು ಓದದೆ ಅಲ್ಲಿಗೆ ಅರ್ಜಿ ಬರೆಯಬೇಡಿ.

ಪ್ರಶ್ನೆ: ಅಮೆರಿಕದ ಪ್ರೆಸಿಡೆನ್ಶಿಯಲ್ ಮ್ಯಾನೇಜ್‌ಮೆಂಟ್ ಫೆಲೋಸ್ ಯೋಜನೆ ನಿಂತುಹೋಗಿದೆ ಎಂದು ಕೇಳಿದೆ. ಉಳಿದ ವಿದ್ಯಾರ್ಥಿವೇತನಗಳಲ್ಲಿ ಹೆಚ್ಚಿನವು ಅನುಭವ ಕೇಳುತ್ತವೆ. ಈಗಷ್ಟೇ ಓದು ಮುಗಿಸುವವರ ಗತಿಯೇನು? — ಅಂತಿಮ ಸೆಮಿಸ್ಟರ್‌ನ ವಿದ್ಯಾರ್ಥಿ

ಉತ್ತರ: ನೀವು ಕೇಳಿದ ಸುದ್ದಿ ಸರಿ. ಉನ್ನತ ಪದವಿ ಪಡೆದವರನ್ನು ಎರಡು ವರ್ಷಗಳ ಮಟ್ಟಿಗೆ ಅಮೆರಿಕದ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಸೇರಿಸಿಕೊಳ್ಳುತ್ತಿದ್ದ ಆ ಯೋಜನೆ 1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರ ಆದೇಶದಿಂದ ಹುಟ್ಟಿತು; 2025ರ ಫೆಬ್ರುವರಿಯಲ್ಲಿ ಹೊರಟ ಮತ್ತೊಂದು ಅಧ್ಯಕ್ಷೀಯ ಆದೇಶದಿಂದ ಕೊನೆಗೊಂಡಿತು. ಶಾಸನದ ಬಲವಿಲ್ಲದೆ ಆದೇಶದ ಮೇಲಷ್ಟೇ ನಿಂತ ಯೋಜನೆ ಆದೇಶದಿಂದಲೇ ಹೋಗಬಹುದು ಎಂಬುದನ್ನು ಈ ವಿಷಯ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾವುದೇ ಫೆಲೋಶಿಪ್‌ನ ಬೆನ್ನು ಹತ್ತುವ ಮೊದಲು ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಈ ವರ್ಷದ ಪ್ರಕಟಣೆ ನಿಜಕ್ಕೂ ಹೊರಬಿದ್ದಿದೆಯೇ ಎಂದು ನೋಡಿಕೊಳ್ಳಿ.

ಅನುಭವದ ಷರತ್ತಿನ ವಿಷಯ ನೀವು ಅಂದುಕೊಂಡಷ್ಟು ಬಿಗಿಯಾಗಿಲ್ಲ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಕೇಳುವುದು ಎರಡು ವರ್ಷದ, ಎಂದರೆ 2,800 ಗಂಟೆಗಳ ಅನುಭವವನ್ನು. ಅರೆಕಾಲಿಕ ಕೆಲಸ, ಇಂಟರ್ನ್‌ಶಿಪ್, ಸ್ವಯಂಸೇವೆ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಓದುವಾಗಲೇ ಮಾಡಿದ ಕೆಲಸದ ಗಂಟೆಗಳನ್ನು ಬರೆದಿಟ್ಟುಕೊಂಡು, ಆಯಾ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದಿಟ್ಟುಕೊಂಡವರಿಗೆ ಇದು ಕಷ್ಟವಾಗದು. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಷರತ್ತನ್ನು ಮಾತ್ರ ಮರೆಯಬೇಡಿ. ಇದಕ್ಕೆ ಬದಲಾಗಿ ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಪದವಿಗಳಲ್ಲಿ ಹೊಸದಾಗಿ ಪದವಿ ಪಡೆದವರಿಗೂ ಜಾಗವಿದೆ. ಲೂವೆನ್, ಮ್ಯೂನ್‌ಸ್ಟರ್ ಮತ್ತು ಟ್ಯಾಲಿನ್‌ನ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ, ಸಾರ್ವಜನಿಕ ವಲಯದ ನಾವೀನ್ಯ ಹಾಗೂ ಇ-ಆಡಳಿತದ ಸ್ನಾತಕೋತ್ತರ ಪದವಿ ನಿಮ್ಮಂಥವರಿಗೆಂದೇ ಇದೆ ಎನ್ನಬಹುದು.

ಪ್ರಶ್ನೆ: ನನ್ನ ಹೆಸರಿನಲ್ಲಿ ಒಂದೂ ಲೇಖನ ಪ್ರಕಟವಾಗಿಲ್ಲ. ‘ಸುಶಾಸನದಲ್ಲಿ ಇ-ಆಡಳಿತದ ಪಾತ್ರ: ಒಂದು ಅಧ್ಯಯನ’ ಎಂಬ ವಿಷಯದ ಮೇಲೆ ಪ್ರಬಂಧಸಾರ ಕಳುಹಿಸಿದೆ; ತಿರಸ್ಕೃತವಾಯಿತು. ವಿಷಯದಲ್ಲಿ ತಪ್ಪೇನಿದೆ? — ಸಂಶೋಧನೆಗೆ ಹೊರಟಿರುವ ವಿದ್ಯಾರ್ಥಿನಿ

ಉತ್ತರ: ವಿಷಯದಲ್ಲಿ ತಪ್ಪಿಲ್ಲ, ಆದರೆ ಉತ್ತರ ಹುಡುಕಬೇಕಾದ ಪ್ರಶ್ನೆಯೊಂದು ಅದರಲ್ಲಿಲ್ಲ. ‘ಪಾತ್ರ’ ಎಂದು ಬರೆದ ಕೂಡಲೇ ಏನು ಬೇಕಾದರೂ ಹೇಳಬಹುದು, ಯಾವುದನ್ನೂ ಸಾಬೀತುಪಡಿಸಬೇಕಾಗಿಲ್ಲ ಎಂದಾಗುತ್ತದೆ. ಆಯ್ಕೆ ಸಮಿತಿಯವರು ಇಂಥ ಶೀರ್ಷಿಕೆಗಳನ್ನು ಕಂತೆಗಟ್ಟಲೆ ನೋಡಿರುತ್ತಾರೆ.

ಒಂದು ಕಚೇರಿಯಲ್ಲಿ ಒಂದು ಪ್ರಮಾಣಪತ್ರದ ಅರ್ಜಿ ಹೇಗೆ ಸಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ತಿಂಗಳ 3ರಂದು ಅದು ಆವಕ ವಹಿಯಲ್ಲಿ ದಾಖಲಾಯಿತು. 9ರಂದು ಗುಮಾಸ್ತರ ಮೇಜಿಗೆ ಬಂತು. 15ರಂದು ‘ವಾಸದ ದಾಖಲೆ ಲಗತ್ತಿಸಿಲ್ಲ’ ಎಂಬ ಷರಾ ಬಿದ್ದು ಹಿಂದಿರುಗಿತು. ಅರ್ಜಿದಾರರು 22ರಂದು ದಾಖಲೆ ತಂದುಕೊಟ್ಟರು, 27ರಂದು ಸಹಿಯಾಯಿತು, ಮರುದಿನ ಜಾವಕ ವಹಿಯಲ್ಲಿ ನಮೂದಾಗಿ ಹೊರಬಿತ್ತು. ಕಾಗದದ ಮೇಲೆ ಇದು 25 ದಿನಗಳ ಕೆಲಸ. ಆದರೆ ಯಾರಾದರೂ ಆ ಅರ್ಜಿಯನ್ನು ಕೈಯಲ್ಲಿ ಹಿಡಿದು ಓದಿ, ಬರೆದು, ಸಹಿ ಹಾಕಿದ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ಗಂಟೆಯೂ ಆಗಲಾರದು, ಮಿಕ್ಕಿದ್ದೆಲ್ಲ ಕಾಯುವಿಕೆ. ಇಂಥ ಒಂದು ನೂರು ಅರ್ಜಿಗಳ ದಿನಾಂಕಗಳನ್ನು ಸಾಲಾಗಿ ಬರೆದುಕೊಂಡರೆ, ವಿಳಂಬ ಯಾವ ಮೇಜಿನಲ್ಲಾಗುತ್ತದೆ, ಅರ್ಜಿ ಯಾವ ದಾಖಲೆಗಾಗಿ ಹೆಚ್ಚಾಗಿ ಹಿಂದಿರುಗುತ್ತದೆ, ಆ ದಾಖಲೆ ಬೇಕೆಂಬುದನ್ನು ಅರ್ಜಿ ಸ್ವೀಕರಿಸುವಾಗಲೇ ಹೇಳಲು ಸಾಧ್ಯವಿತ್ತೇ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಅದೇ ಕಚೇರಿಗೆ ಗಣಕೀಕೃತ ವ್ಯವಸ್ಥೆ ಬಂದ ಮೇಲಿನ ಇನ್ನು ನೂರು ಅರ್ಜಿಗಳು ಸಿಕ್ಕರೆ ಹೋಲಿಕೆಯೂ ಸಾಧ್ಯ. ನಿಮ್ಮ ಇ-ಆಡಳಿತ ಈಗ ಒಂದು ಸಂಶೋಧನೆಯ ವಿಷಯವಾಯಿತು.

ಇದಕ್ಕೆ ಸಿದ್ಧಾಂತದ ಆಧಾರ ಬೇಕಾದರೆ, ‘ಆಡಳಿತಾತ್ಮಕ ಹೊರೆ’ ಎಂಬ ಪರಿಕಲ್ಪನೆಯ ಸುತ್ತ ಈಚಿನ ವರ್ಷಗಳಲ್ಲಿ ಬಂದಿರುವ ಬರವಣಿಗೆಯನ್ನು ನೋಡಿ. ಸರ್ಕಾರದಿಂದ ಒಂದು ಸೌಲಭ್ಯ ಪಡೆಯಲು ನಾಗರಿಕರು ತೆರುವ ಬೆಲೆಯನ್ನು ಅದು ಮೂರಾಗಿ ವಿಂಗಡಿಸುತ್ತದೆ: ಸೌಲಭ್ಯವೇನು, ಅರ್ಹತೆಯೇನು ಎಂದು ತಿಳಿದುಕೊಳ್ಳುವ ಶ್ರಮ; ದಾಖಲೆ ಒದಗಿಸುವ, ಅಲೆಯುವ, ಖರ್ಚು ಮಾಡುವ ಶ್ರಮ; ಮತ್ತು ಈ ಎಲ್ಲದರಲ್ಲಿ ಅನುಭವಿಸುವ ಆತಂಕ, ಅವಮಾನಗಳ ಭಾರ. ಮೇಲಿನ ಉದಾಹರಣೆಯಲ್ಲಿ ‘ವಾಸದ ದಾಖಲೆ ಲಗತ್ತಿಸಿಲ್ಲ’ ಎಂಬ ಒಂದು ಸಾಲಿನ ಷರಾ ಈ ಮೂರನ್ನೂ ಒಟ್ಟಿಗೆ ಹೇರುತ್ತದೆ. ವಹಿಯಲ್ಲಿ ಕಾಣಿಸುವುದು ಮಾತ್ರ ದಿನಾಂಕ. ಉಳಿದದ್ದನ್ನು ಅರ್ಜಿದಾರರನ್ನೇ ಕೇಳಿ ತಿಳಿಯಬೇಕು.

ಪ್ರಬಂಧಸಾರವನ್ನು ಬರೆಯುವಾಗ ಪೀಠಿಕೆ ಬೇಡ. ಪ್ರಶ್ನೆ ಏನು, ಯಾವ ದಾಖಲೆಗಳನ್ನು ಎಷ್ಟು ಸಂಖ್ಯೆಯಲ್ಲಿ ನೋಡಿದ್ದೀರಿ, ಏನು ಕಂಡಿತು, ಈಗಾಗಲೇ ತಿಳಿದಿದ್ದಕ್ಕೆ ಅದು ಏನನ್ನು ಸೇರಿಸುತ್ತದೆ, ಇಷ್ಟನ್ನೇ ನೇರವಾಗಿ ಹೇಳಿ. ಪ್ರಕಟಿತ ಲೇಖನವಿಲ್ಲವೆಂಬ ಅಳುಕೂ ಬೇಡ. ಸ್ನಾತಕೋತ್ತರ ಹಂತದಲ್ಲಿ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ. ಮುಗಿಸಿದ ಒಂದು ಕೆಲಸವನ್ನು ನಿರೀಕ್ಷಿಸುತ್ತಾರೆ. ಫೆಲೋಶಿಪ್ ಅರ್ಜಿಯಾಗಲಿ, ಇಂಟರ್ನ್‌ಶಿಪ್ ಅರ್ಜಿಯಾಗಲಿ, ‘ದೇಶಸೇವೆಯ ಹಂಬಲ ನನಗೆ ಬಾಲ್ಯದಿಂದಲೂ ಇದೆ’ ಎಂದು ಆರಂಭವಾಗುವ ನೂರು ಪತ್ರಗಳ ನಡುವೆ ‘ಇನ್ನೂರು ಅರ್ಜಿಗಳ ಚಲನವಲನವನ್ನು ನಾನು ಪರಿಶೀಲಿಸಿದ್ದೇನೆ’ ಎಂಬ ಪತ್ರ ಓದುವವರ ಕೈಯನ್ನು ತಡೆದು ನಿಲ್ಲಿಸುತ್ತದೆ.

ಪ್ರಶ್ನೆ: ವಿಶ್ವಸಂಸ್ಥೆಯ ಇ-ಸರ್ಕಾರ ಸಮೀಕ್ಷೆಯ ಅಂಕಿ ಅಂಶಗಳನ್ನಷ್ಟೇ ಇಟ್ಟುಕೊಂಡು ಕಿರುಪ್ರಬಂಧ ಬರೆಯಬಹುದೇ?

ಉತ್ತರ: ಬರೆಯಬಹುದು, ಆದರೆ ಅದು ಅಳೆಯುವುದು ಏನನ್ನು ಎಂಬುದು ಮೊದಲು ಸ್ಪಷ್ಟವಾಗಿರಲಿ. ಎರಡು ವರ್ಷಕ್ಕೊಮ್ಮೆ 193 ಸದಸ್ಯ ದೇಶಗಳನ್ನು ಒಳಗೊಂಡು ಬರುವ ಈ ಸಮೀಕ್ಷೆಯ ಸೂಚ್ಯಂಕಕ್ಕೆ ಆನ್‌ಲೈನ್ ಸೇವೆ, ದೂರಸಂಪರ್ಕ ಮೂಲಸೌಕರ್ಯ, ಮಾನವ ಬಂಡವಾಳ ಎಂಬ ಮೂರು ಅಂಗಗಳಿವೆ. 2024ರ ಆವೃತ್ತಿಯಲ್ಲಿ ಡೆನ್ಮಾರ್ಕ್, ಎಸ್ಟೋನಿಯ, ಸಿಂಗಪುರ ಮೊದಲ ಮೂರು ಸ್ಥಾನದಲ್ಲಿದ್ದವು. ಸರ್ಕಾರ ಏನನ್ನು ಒದಗಿಸಿದೆ ಎಂಬುದನ್ನು ಸೂಚ್ಯಂಕ ಚೆನ್ನಾಗಿ ಹೇಳುತ್ತದೆ. ಅದನ್ನು ಬಳಸಲು ಹೋದವರಿಗೆ ಏನಾಯಿತು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಶ್ರೇಯಾಂಕ ಏರಿದೆ, ಆದ್ದರಿಂದ ಆಡಳಿತ ಸುಧಾರಿಸಿದೆ ಎಂದು ಬರೆದರೆ ಪರೀಕ್ಷಕರು ಅಲ್ಲಿಯೇ ಹಿಡಿಯುತ್ತಾರೆ.

ಪ್ರಶ್ನೆ: ನಾನು ಸರ್ಕಾರಿ ನೌಕರ. ಕೆಲಸದ ಜೊತೆಗೇ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ನನ್ನ ಕಚೇರಿಯ ಕಡತಗಳನ್ನೇ ಪ್ರಬಂಧಕ್ಕೆ ಬಳಸಿಕೊಳ್ಳಬಹುದೇ?

ಉತ್ತರ: ಉಳಿದ ವಿದ್ಯಾರ್ಥಿಗಳು ಬಾಗಿಲಲ್ಲಿ ಕಾಯುವ ಜಾಗದಲ್ಲಿ ನೀವು ಒಳಗಿದ್ದೀರಿ, ಅದು ದೊಡ್ಡ ಅನುಕೂಲ, ಅಷ್ಟೇ ದೊಡ್ಡ ಹೊಣೆ. ಕೆಲಸದ ಸಲುವಾಗಿ ಕಡತ ನೋಡುವ ಅಧಿಕಾರ ಇರುವುದೂ ಸಂಶೋಧನೆಗಾಗಿ ಅದನ್ನು ಬಳಸುವ ಅನುಮತಿ ಇರುವುದೂ ಒಂದೇ ಅಲ್ಲ. ಕಚೇರಿಯ ಮುಖ್ಯಸ್ಥರಿಂದ ಲಿಖಿತ ಅನುಮತಿ ಪಡೆಯಿರಿ. ಯಾವ ಅವಧಿಯ, ಯಾವ ಬಗೆಯ ಕಡತಗಳು, ಅವುಗಳಿಂದ ಯಾವ ಮಾಹಿತಿಯನ್ನಷ್ಟೇ ಬರೆದುಕೊಳ್ಳುತ್ತೀರಿ ಎಂಬುದು ಆ ಪತ್ರದಲ್ಲಿ ಸ್ಪಷ್ಟವಾಗಿರಲಿ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿ ಇದ್ದರೆ ಅದರ ಒಪ್ಪಿಗೆಯೂ ಮಾಹಿತಿ ಸಂಗ್ರಹಕ್ಕೆ ಮೊದಲೇ ಬೇಕು. ಸಂಗ್ರಹಿಸಿ ಮುಗಿದ ಮೇಲೆ ಪಡೆಯುವ ಒಪ್ಪಿಗೆಯನ್ನು ಒಳ್ಳೆಯ ನಿಯತಕಾಲಿಕೆಗಳು ಒಪ್ಪುವುದಿಲ್ಲ. ಅರ್ಜಿದಾರರ ಹೆಸರು, ವಿಳಾಸ, ಗುರುತಿನ ಸಂಖ್ಯೆಗಳನ್ನು ಬರೆದುಕೊಳ್ಳುವ ಅಗತ್ಯವೇ ಇಲ್ಲ. ಕ್ರಮಸಂಖ್ಯೆ ಮತ್ತು ದಿನಾಂಕಗಳು ಸಾಕು.

ಸಹೋದ್ಯೋಗಿಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿರಬೇಕು. ಒಂದು ಮೇಜಿನಲ್ಲಿ ಒಬ್ಬರೇ ಕೂರುವ ಸಣ್ಣ ಕಚೇರಿಯಲ್ಲಿ ‘ಎರಡನೆಯ ಹಂತದಲ್ಲಿ ವಿಳಂಬ ಹೆಚ್ಚು’ ಎಂದು ಬರೆದರೆ ಹೆಸರು ಹೇಳಿದಂತೆಯೇ ಆಗುತ್ತದೆ. ಸಾಧ್ಯವಾದರೆ ಅದೇ ಕೆಲಸ ನಡೆಯುವ ಮೂರು ನಾಲ್ಕು ಕಚೇರಿಗಳನ್ನು ಸೇರಿಸಿಕೊಳ್ಳಿ, ಯಾವ ಅಂಕಿ ಯಾವ ಕಚೇರಿಯದೆಂದು ಬಿಡಿಸಿ ತೋರಿಸಬೇಡಿ, ಮತ್ತು ನಿಮ್ಮ ಕೈಯಿಂದಲೇ ವಿಲೇವಾರಿಯಾದ ಕಡತಗಳನ್ನು ಮಾದರಿಯಿಂದ ಹೊರಗಿಡಿ.