100 ಜೀನ್ಸ್ ಹೊಲಿಸೋಕೆ ಬಳ್ಳಾರಿಗೆ ಬರುವವರಿಗೆ

ಹೊಲಿಯುವವರಿಗೆ ಅನ್ಯಾಯ ಆಗದ ಹಾಗೆ ಬಳ್ಳಾರಿಯಲ್ಲಿ ಬರೀ 100 ಜೀನ್ಸ್ ಮಾಡಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಸಬಹುದು. ಇಲ್ಲಿ ಸಣ್ಣ ಯೂನಿಟ್‌ಗಳೇ ಜಾಸ್ತಿ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ದಾರ ಕತ್ತರಿಸೋ ಕೆಲಸ ಎಷ್ಟೋ ಸಲ ಯಾರದೋ ಮನೆ ಪಡಸಾಲೆಯಲ್ಲೇ ನಡೆಯುತ್ತದೆ. ಪಕ್ಕದ ರಾಯದುರ್ಗದಲ್ಲೂ ಇದೇ ಕಸುಬು. 1953ರವರೆಗೆ ಅದೂ ಬಳ್ಳಾರಿ ಜಿಲ್ಲೆಯೇ, ಆಮೇಲೆ ಆಂಧ್ರಕ್ಕೆ ಸೇರಿತು. ಈಗಲೂ ನಮ್ಮ ಶೆಡ್ಡಿನಲ್ಲಿ ಕನ್ನಡದ ಹೊಲಿಗೆ, ತೆಲುಗಿನ ಕುಟ್ಟು, ಉರ್ದುವಿನ ಸಿಲಾಯಿ ಮೂರು ಮಾತೂ ಒಂದೇ ಸಾಲಿನಲ್ಲಿ ಕೇಳಿಸುತ್ತವೆ.

ಇನ್ನು ಹೊಲಿಯುವವರ ಕಲಿಕೆ ವಿಷಯ. ನಮ್ಮ ಶೆಡ್ಡಿನಲ್ಲಿ ಹೊಸಬರಿಗೆ ಕಲಿಸೋದು ನಾನೇ. ಮನೆಯಲ್ಲಿ ಕಾಲು ಮಷೀನ್ ತುಳಿದು ರವಿಕೆ ಹೊಲಿದವರು ಇಲ್ಲಿ ಮೊದಲ ದಿನ ಹೆದರುತ್ತಾರೆ. ಪವರ್ ಮಷೀನ್ ನಿಮಿಷಕ್ಕೆ 4000 ಹೊಲಿಗೆ ದಾಟುತ್ತದೆ, ಪೆಡಲ್ ಸ್ವಲ್ಪ ಒತ್ತಿದರೂ ಬಟ್ಟೆ ಕೈಯಿಂದ ಓಡಿಹೋಗುತ್ತದೆ. ಅದಕ್ಕೇ ನಾನು ಮೊದಲು ದಾರ ಹಾಕದೆ, ಗೆರೆ ಎಳೆದ ಕಾಗದ ಕೊಡುತ್ತೇನೆ. ಸೂಜಿ ತೂತು ಗೆರೆ ಮೇಲೇ ಬೀಳಬೇಕು. ನೇರ ಗೆರೆ ಆದ ಮೇಲೆ ಮೂಲೆ, ಆಮೇಲೆ ಸುತ್ತು. ಡೆನಿಮ್ ಕೈಗೆ ಬರೋದು ಆಮೇಲೆಯೇ. ನಾಲ್ಕೈದು ಪದರ ಸೇರುವ ಜಾಗದಲ್ಲಿ ಸುತ್ತಿಗೆಯಿಂದ ಬಡಿದು ತೆಳ್ಳಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ.

ಒಬ್ಬೊಬ್ಬರು ಒಂದೊಂದೇ ಭಾಗ ಹೊಲಿಯುವ ದೊಡ್ಡ ಲೈನಿಗೆ ಹೋಗುವವಳಿಗೆ ಜೇಬು ಒಂದೇ ಬಂದರೂ ನಡೆಯುತ್ತದೆ. 100 ಪೀಸಿನ ಆರ್ಡರ್‌ಗೆ ಹಾಗಲ್ಲ. ಬೆಳಿಗ್ಗೆ ಜೇಬು, ಮಧ್ಯಾಹ್ನ ಓವರ್‌ಲಾಕ್ (ಅಂಚಿನ ಎಳೆ ಬಿಚ್ಚದ ಹಾಗೆ ಹಾಕುವ ಹೊಲಿಗೆ), ಸಂಜೆ ಸೊಂಟದ ಬೆಲ್ಟ್ ಪಟ್ಟಿ ಹಾಕುವವರು ಬೇಕು. ಅಂಥವರಿಗೆ ಕೂಲಿ ಜಾಸ್ತಿ ಕೊಡಲೇಬೇಕು. ಸಾವಿರ ಪೀಸಿನ ರೇಟನ್ನೇ ನೂರಕ್ಕೂ ಹಿಡಿಯಬೇಡಿ. ಕೆಲಸ ಬದಲಾದಾಗೆಲ್ಲ ಕೈ ನಿಧಾನ ಆಗುತ್ತದೆ, ಆ ಹೊತ್ತಿಗೂ ದುಡ್ಡು ಸಿಗಬೇಕು ಅಲ್ವಾ?

ಇನ್ನು, ಹೊರಗಿನವರು ಯಾರೂ ಕೇಳದ ಒಂದು ವಿಷಯ ಇದೆ. ಜೀನ್ಸ್ ಹೊಲಿದಾದ ಮೇಲೆ ಒಗೆಯುತ್ತಾರೆ, ಬಟ್ಟೆ ಕುಗ್ಗುವುದು ಆಗಲೇ. ಒಂದೊಂದು ರೋಲ್ ಒಂದೊಂದು ಥರ ಕುಗ್ಗುತ್ತದೆ, ಹಾಸಿನ ಕಡೆ, ಅಂದರೆ ಉದ್ದಕ್ಕೆ, ಒಂದು ಲೆಕ್ಕ; ಹೊಕ್ಕಿನ ಕಡೆ, ಅಂದರೆ ಅಡ್ಡಕ್ಕೆ, ಇನ್ನೊಂದು. ಅದಕ್ಕೆ ಕತ್ತರಿಸುವ ಮೊದಲೇ ಪ್ರತಿ ರೋಲಿನ ತುಂಡಿನ ಮೇಲೆ 50 ಸೆಂಟಿಮೀಟರ್ ಚೌಕ ಬರೆದು, ಒಗೆದು, ಒಣಗಿಸಿ ಅಳೆಯಬೇಕು. 48.5 ಬಂದರೆ 3 ಪರ್ಸೆಂಟ್ ಹೋಯಿತು. ಅದನ್ನು ಬಟ್ಟೆ ಕತ್ತರಿಸೋ ಅಳತೆಗೆ (ಪ್ಯಾಟರ್ನ್‌ಗೆ) ಸೇರಿಸದಿದ್ದರೆ 32ರ ಸೊಂಟ ಹತ್ತಿರ ಹತ್ತಿರ 1 ಇಂಚು ಕಮ್ಮಿ ಬರುತ್ತದೆ.

ಹಿಂದೆ ನಾನಿದ್ದ ಒಂದು ಯೂನಿಟ್‌ನಲ್ಲಿ ಹೀಗೇ ಆಯಿತು. ಅಳೆಯದೆ ಕತ್ತರಿಸಿದವರು ಯಾರೋ, ದುಡ್ಡು ಮುರಿದುಕೊಂಡಿದ್ದು ಬೆಲ್ಟ್ ಪಟ್ಟಿ ಹಾಕಿದ ನಮ್ಮ ನಾಲ್ಕು ಜನರ ಪೀಸ್ ರೇಟಿನಲ್ಲಿ, ಅಂದರೆ ಪೀಸಿಗೆ ಇಷ್ಟು ಅಂತ ಸಿಗೋ ಕೂಲಿಯಲ್ಲಿ. ನಮ್ಮ ಹೊಲಿಗೆ ನೂಲಿನಷ್ಟೂ ತಪ್ಪಿರಲಿಲ್ಲ. ವಾರದ ಬಟವಾಡೆ ದಿನ ಸುಮ್ನೆ ಕೈಗೆ ಬಂದಷ್ಟು ತಗೊಂಡು ಮನೆಗೆ ಹೋದೆವು. ಆ ನೋವು ಇನ್ನೂ ಇದೆ.

ಹಾಗಾಗಿ ನೀವು ಬಂದಾಗ ಮೊದಲು ಮಷೀನ್ ನೋಡಬೇಡಿ. ಒಗೆದು ಅಳೆದ ಆ ತುಂಡು ತೋರಿಸಿ ಅನ್ನಿ. ಸೈಜ್ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯೋ ಕೂಲಿ ಯಾರು ಕೊಡುತ್ತಾರೆ ಅಂತ ಕೇಳಿ, ಮಾಲೀಕರನ್ನಲ್ಲ, ಮಷೀನ್ ಮೇಲೆ ಕೂತ ಅಕ್ಕನನ್ನು.